ಎಂಡಿ ಮುಗಿದ ಮೇಲೆ ಮತ್ತೆ ಮೂರು ವರ್ಷ: ಸೋಂಕುರೋಗ ತಜ್ಞರು ಕಲಿಯುವುದೇನು?

ಮಳೆ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಕಾಸರಗೋಡು ಜಿಲ್ಲೆಯ ಕ್ಲಿನಿಕ್ಕುಗಳಲ್ಲಿ ಜ್ವರದವರ ಸಾಲು ಶುರುವಾಗುತ್ತದೆ. ಡೆಂಗಿ, ಇಲಿಜ್ವರ, ಟೈಫಾಯಿಡ್, ಸ್ಕ್ರಬ್ ಟೈಫಸ್, ಜೊತೆಗೆ ಹೆಸರು ಗೊತ್ತಾಗದೆಯೇ ಬಂದು ಹೋಗುವ ವೈರಲ್ ಜ್ವರಗಳು. ಮೊದಲ ಮೂರು ದಿನ ಇವುಗಳಲ್ಲಿ ಯಾವುದು ಯಾವುದೆಂದು ಹೇಳುವುದು ಕಷ್ಟ. ಚಳಿ, ಮೈಕೈ ನೋವು, ತಲೆನೋವು, ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿಕೆ. ಹೆಚ್ಚಿನವರು ಊರಿನ ಡಾಕ್ಟರ ಮದ್ದಿನಲ್ಲೇ ಗುಣವಾಗುತ್ತಾರೆ. ಕೆಲವರಿಗೆ ಹಾಗಾಗುವುದಿಲ್ಲ. ಒಂದು ಆಂಟಿಬಯೋಟಿಕ್ ನಿಲ್ಲಿಸಿ ಇನ್ನೊಂದು ಶುರು ಮಾಡುತ್ತಾರೆ, ಊರಿನಿಂದ ಕಾಸರಗೋಡಿಗೆ, ಅಲ್ಲಿಂದ ಮಂಗಳೂರಿಗೆ ಹೋಗುತ್ತಾರೆ, ಫೈಲು ದಪ್ಪವಾಗುತ್ತದೆ, ಜ್ವರ ಮಾತ್ರ ಇಳಿಯುವುದಿಲ್ಲ. ಅಂಥ ಫೈಲನ್ನು ಮೊದಲ ಪುಟದಿಂದ ಮತ್ತೆ ಓದುವುದಕ್ಕೆಂದೇ ತರಬೇತಿ ಪಡೆದವರು ಸೋಂಕುರೋಗ ತಜ್ಞರು.

ಹೃದಯಕ್ಕೆ ಕಾರ್ಡಿಯಾಲಜಿಸ್ಟ್, ಕಿಡ್ನಿಗೆ ನೆಫ್ರಾಲಜಿಸ್ಟ್ ಎಂಬುದು ನಮ್ಮಲ್ಲಿ ಮನೆಮನೆಗೂ ಗೊತ್ತು. ಸೋಂಕುರೋಗಕ್ಕೂ ಅದೇ ದರ್ಜೆಯ ಸೂಪರ್ ಸ್ಪೆಷಾಲಿಟಿ ಇದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮಕ್ಕಳು ಎಂಬಿಬಿಎಸ್ ಓದುತ್ತಿರುವ ಮನೆಯವರೂ ಇದರ ದಾರಿ ಹೇಗೆಂದು ಕೇಳುತ್ತಾರೆ. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಜನರಲ್ ಮೆಡಿಸಿನ್ ಅಥವಾ ಮಕ್ಕಳ ವಿಭಾಗದಂಥ ವಿಷಯದಲ್ಲಿ ಎಂಡಿ ಅಥವಾ ಡಿಎನ್‌ಬಿ, ಮೂರು ವರ್ಷ. ಅದಾದ ಮೇಲೆ ನೀಟ್ ಸೂಪರ್ ಸ್ಪೆಷಾಲಿಟಿ ಪರೀಕ್ಷೆ ಬರೆದು ಸೋಂಕುರೋಗ ವಿಭಾಗದಲ್ಲಿ ಡಿಎಂ ಅಥವಾ ಡಿಆರ್‌ಎನ್‌ಬಿ, ಇನ್ನೂ ಮೂರು ವರ್ಷ. ಒಟ್ಟು ಹನ್ನೊಂದೂವರೆ ವರ್ಷ, ಅದೂ ಎಲ್ಲಿಯೂ ತಡವಾಗದೆ ಸೀಟು ಸಿಕ್ಕಿದರೆ. ದೆಹಲಿಯ ಏಮ್ಸ್, ಚಂಡೀಗಢದ ಪಿಜಿಐ, ವೆಲ್ಲೂರಿನ ಸಿಎಂಸಿ ಇದರಲ್ಲಿ ಹೆಸರಾದವು, ಏಮ್ಸ್ ಮತ್ತು ಪಿಜಿಐಗೆ ಮಾತ್ರ ಪ್ರವೇಶ ಪರೀಕ್ಷೆ ಬೇರೆ. ಇವಲ್ಲದೆ ಆಸ್ಪತ್ರೆಗಳೂ ವಿಶ್ವವಿದ್ಯಾಲಯಗಳೂ ನಡೆಸುವ ಒಂದೆರಡು ವರ್ಷದ ಫೆಲೊಶಿಪ್‌ಗಳಿವೆ. ಇವುಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯವು, ಕೆಲವು ಸರ್ಟಿಫಿಕೇಟಿಗೆ ಮಾತ್ರ. ಸೇರುವ ಮೊದಲು ಎರಡು ವಿಷಯ ವಿಚಾರಿಸಲೇಬೇಕು. ಆ ಆಸ್ಪತ್ರೆಯ ಮೈಕ್ರೊಬಯಾಲಜಿ ಲ್ಯಾಬ್ ಎಷ್ಟು ಗಟ್ಟಿ? ಬೇರೆ ವಿಭಾಗದ ವೈದ್ಯರು ಸೋಂಕುರೋಗ ವಿಭಾಗವನ್ನು ದಿನಾ ಕರೆಯುತ್ತಾರೆಯೇ? ಇವೆರಡೂ ಇಲ್ಲದ ಕಡೆ ಮೂರು ವರ್ಷ ಕೂತರೂ ಕಲಿಯುವುದು ಕಡಿಮೆ.

ಅಮೆರಿಕದಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಮೂರು ವರ್ಷದ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ ಮುಗಿಸಿ ಎರಡು ವರ್ಷ ಸೋಂಕುರೋಗ ವಿಭಾಗದಲ್ಲಿ ಫೆಲೊ, ಅಂದರೆ ತರಬೇತಿಯ ವೈದ್ಯ, ಆಗಿರಬೇಕು, ಸಂಶೋಧನೆಗೆ ಹೋಗುವವರಿಗೆ ಅದಕ್ಕಿಂತ ಹೆಚ್ಚು. ಸೀಟು ಸಿಗುವುದು ‘ಮ್ಯಾಚ್’ ಎಂಬ ವ್ಯವಸ್ಥೆಯಲ್ಲಿ. ಅಭ್ಯರ್ಥಿಗಳು ತಮಗೆ ಬೇಕಾದ ಕೇಂದ್ರಗಳನ್ನು ಕ್ರಮವಾಗಿ ಬರೆಯುತ್ತಾರೆ, ಕೇಂದ್ರಗಳು ತಮಗೆ ಬೇಕಾದ ಅಭ್ಯರ್ಥಿಗಳನ್ನು ಬರೆಯುತ್ತವೆ, ಕಂಪ್ಯೂಟರ್ ಎರಡೂ ಪಟ್ಟಿಗಳನ್ನು ಹೊಂದಿಸುತ್ತದೆ. 2022ರ ಡಿಸೆಂಬರ್ ಮ್ಯಾಚ್‌ನಲ್ಲಿ ಸೋಂಕುರೋಗ ತರಬೇತಿ ಕೇಂದ್ರಗಳ ಪೈಕಿ ಶೇಕಡಾ 56 ಮಾತ್ರ ಪೂರ್ತಿ ಭರ್ತಿಯಾದವು. ಕೋವಿಡ್ ಕಂಡ ಜಗತ್ತಿನಲ್ಲಿ ಈ ಕಲಿಕೆಗೆ ಜನ ಸಾಲದೆ ಹೋದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಈ ವಿಭಾಗದಲ್ಲಿ ಆಪರೇಷನ್ ಇಲ್ಲ, ಸ್ಟೆಂಟ್ ಇಲ್ಲ, ಎಂಡೋಸ್ಕೋಪಿ ಇಲ್ಲ. ವೈದ್ಯರು ಮಾಡುವುದು ಕೇಳುವುದು, ನೋಡುವುದು, ಓದುವುದು, ಯೋಚಿಸುವುದು, ಬರೆಯುವುದು. ಬಿಲ್ಲಿನಲ್ಲಿ ಇದಕ್ಕೆ ಬರುವ ಮೊತ್ತ ಸಣ್ಣದು. ಭಾರತದ ಖಾಸಗಿ ಆಸ್ಪತ್ರೆಗಳಲ್ಲೂ ಇದೇ ಕತೆ. ಒಂದು ಗಂಟೆ ಕೂತು ಯೋಚಿಸಿ ದುಬಾರಿ ಇಂಜೆಕ್ಷನ್ನನ್ನು ನಿಲ್ಲಿಸಿದ ವೈದ್ಯರಿಂದ ಆಸ್ಪತ್ರೆಗೆ ಲಾಭವಿಲ್ಲ, ರೋಗಿಗೆ ಇದೆ. ಆ ಲಾಭವನ್ನು ಎಣಿಸುವ ಲೆಕ್ಕಪುಸ್ತಕ ನಮ್ಮಲ್ಲಿ ಇನ್ನೂ ತಯಾರಾಗಿಲ್ಲ ಎಂಬುದು ನನ್ನ ದೊಡ್ಡ ಬೇಸರ.

ಹಾಗಾದರೆ ಆ ಮೂರು ವರ್ಷದಲ್ಲಿ ಏನು ನಡೆಯುತ್ತದೆ? ಒಂದು ಉದಾಹರಣೆಯ ಮೂಲಕ ಹೇಳುತ್ತೇನೆ. ಇಲ್ಲಿನ ರೋಗಿ ಕಲ್ಪಿತ, ರೋಗ ನಿಜ.

ಪೆರ್ಲದ ಕಡೆಯ ಐವತ್ತೈದರ ಕೃಷಿಕರು ಎನ್ನಿ. ಹತ್ತು ವರ್ಷದ ಸಕ್ಕರೆ ಕಾಯಿಲೆ, ಮಾತ್ರೆ ಕೆಲವು ದಿನ ಉಂಟು ಕೆಲವು ದಿನ ಇಲ್ಲ. ಜುಲೈಯಲ್ಲಿ ತೋಟದ ಕಣಿ ಬಿಡಿಸುವಾಗ ಬರಿಗಾಲಲ್ಲಿ ಕೆಸರಲ್ಲಿ ನಿಂತಿದ್ದರು. ಆಗಸ್ಟಿನಲ್ಲಿ ಜ್ವರ, ಕೆಮ್ಮು, ತೂಕ ಇಳಿಕೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ. ಕಫದಲ್ಲಿ ಕ್ಷಯದ ರೋಗಾಣು ಕಾಣಲಿಲ್ಲ, ಆದರೂ ಕ್ಷಯವೇ ಇರಬೇಕೆಂದು ಮಾತ್ರೆ ಶುರುವಾಯಿತು. ತಿಂಗಳಾದರೂ ಜ್ವರ ಬಿಡಲಿಲ್ಲ. ಸ್ಕ್ಯಾನ್ ಮಾಡಿದರೆ ಗುಲ್ಮದಲ್ಲಿ ಸಣ್ಣಸಣ್ಣ ಕೀವಿನ ಗಂಟುಗಳು. ರಕ್ತದ ಕಲ್ಚರ್‌ನಲ್ಲಿ ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನೋ ಬೆಳೆಯಿತು, ಲ್ಯಾಬ್‌ನವರು ‘ಸ್ಯೂಡೋಮೊನಾಸ್ ಜಾತಿ’ ಎಂದು ವರದಿ ಕೊಟ್ಟರು.

ತರಬೇತಿಯಲ್ಲಿರುವ ವೈದ್ಯರಿಗೆ ಇಲ್ಲಿ ಕಲಿಸುವುದು ವರದಿ ಓದಿ ಮದ್ದು ಬರೆಯುವುದನ್ನಲ್ಲ, ಲ್ಯಾಬ್‌ಗೆ ಇಳಿದು ರೋಗಾಣು ಬೆಳೆದ ಪ್ಲೇಟು ನೋಡುವುದನ್ನು. ಮೊದಲ ದಿನ ನುಣ್ಣಗೆ ಕಂಡ ಬಿಳಿ ಚುಕ್ಕಿಗಳು ಮೂರು ನಾಲ್ಕು ದಿನ ಇಟ್ಟರೆ ಒಣಗಿ ಸುಕ್ಕುಗಟ್ಟುತ್ತವೆ. ಸೂಕ್ಷ್ಮದರ್ಶಕದಲ್ಲಿ ರೋಗಾಣುವಿನ ಎರಡು ತುದಿಗಳು ಮಾತ್ರ ಬಣ್ಣ ಹಿಡಿದು ನಡುಭಾಗ ಖಾಲಿ ಕಾಣುತ್ತದೆ. ಪ್ಲೇಟಿನ ಮೇಲಿಟ್ಟ ಮದ್ದಿನ ಬಿಲ್ಲೆಗಳ ಸುತ್ತ ನೋಡಿದರೆ ಜೆಂಟಾಮೈಸಿನ್, ಕೊಲಿಸ್ಟಿನ್ ಎರಡಕ್ಕೂ ಬಗ್ಗಿಲ್ಲ, ಅಮಾಕ್ಸಿಕ್ಲಾವ್‌ಗೆ ಬಗ್ಗಿದೆ. ಸಾಮಾನ್ಯ ಸ್ಯೂಡೋಮೊನಾಸ್ ಇದಕ್ಕೆ ಬಹುಮಟ್ಟಿಗೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆ, ಮಳೆಗಾಲ, ಕೆಸರು, ಗುಲ್ಮದ ಗಂಟು, ಈ ಪ್ಲೇಟು, ಎಲ್ಲವನ್ನೂ ಒಟ್ಟಿಗೆ ಇಟ್ಟರೆ ಬರುವ ಹೆಸರು ಮೆಲಿಯೋಯ್ಡೋಸಿಸ್. ಮಣ್ಣಿನಲ್ಲೂ ನಿಂತ ನೀರಿನಲ್ಲೂ ಬದುಕುವ ‘ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲೈ’ ಇದರ ರೋಗಾಣು. ಉಡುಪಿ, ದಕ್ಷಿಣ ಕನ್ನಡದಲ್ಲಿ ಮಳೆಗಾಲದಲ್ಲಿ ಈ ರೋಗ ಕಾಣಿಸಿಕೊಳ್ಳುವುದನ್ನು ಮಣಿಪಾಲದ ವೈದ್ಯರು ವರ್ಷಗಳಿಂದ ಬರೆಯುತ್ತಾ ಬಂದಿದ್ದಾರೆ. ಕೇರಳ ಕರ್ನಾಟಕ ಗಡಿಯಲ್ಲಿರುವ ತಲಪಾಡಿಯ ಗೇಟಿನ ಆಚೆಗಿನ ಮಣ್ಣು, ಈಚೆಗಿನ ಮಣ್ಣು ಬೇರೆಬೇರೆಯಲ್ಲ.

ಹೆಸರು ಗೊತ್ತಾದ ಮೇಲೆ ಚಿಕಿತ್ಸೆಯೇ ಬೇರೆ. ಕನಿಷ್ಠ ಎರಡು ವಾರ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ರಕ್ತನಾಳಕ್ಕೆ, ಗಂಟುಗಳಿದ್ದರೆ ಇನ್ನೂ ಹೆಚ್ಚು ದಿನ. ಆಮೇಲೆ ಕನಿಷ್ಠ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ಆದ್ದರಿಂದ ರೋಗಿಯ ಜೊತೆಗೂ ಮನೆಯವರ ಜೊತೆಗೂ ಕೂತು ಮಾತಾಡುವುದು ಚಿಕಿತ್ಸೆಯ ಅರ್ಧ ಭಾಗ.

ಹೀಗೆ ಹಾಸಿಗೆಯ ಪಕ್ಕದ ಮಾತು, ಲ್ಯಾಬ್‌ನ ಪ್ಲೇಟು, ಊರಿನ ಮಣ್ಣು ಮೂರನ್ನೂ ಸೇರಿಸಿ ಓದುವುದು ಈ ತರಬೇತಿಯ ತಿರುಳು. ಉಳಿದದ್ದೆಲ್ಲ ಇದರ ವಿಸ್ತರಣೆ.

ದಿನಚರಿ ಹೀಗಿರುತ್ತದೆ. ಬೆಳಿಗ್ಗೆ ಲ್ಯಾಬ್‌ನಲ್ಲಿ ರಾತ್ರಿ ಬೆಳೆದ ಕಲ್ಚರ್‌ಗಳ ಚರ್ಚೆ. ಆಮೇಲೆ ಐಸಿಯು, ಸರ್ಜರಿ, ಮೂಳೆ ವಿಭಾಗ, ಕ್ಯಾನ್ಸರ್ ವಾರ್ಡ್, ಎಲ್ಲೆಲ್ಲಿ ಕರೆದಿದ್ದಾರೋ ಅಲ್ಲಿಗೆ. ಕೆಲವು ತಿಂಗಳು ಎಚ್‌ಐವಿ ಕ್ಲಿನಿಕ್, ಕೆಲವು ತಿಂಗಳು ಕ್ಷಯ, ಅಂಗಾಂಗ ಕಸಿ ಮಾಡಿಸಿಕೊಂಡವರ ಸೋಂಕು, ಆಸ್ಪತ್ರೆಯೊಳಗೇ ಹರಡುವ ಸೋಂಕಿನ ತಡೆ. ಜೊತೆಗೆ ಒಂದು ಸಂಶೋಧನಾ ಪ್ರಬಂಧ. ಇದರಲ್ಲಿ ಹೊರಗಿನವರಿಗೆ ಕಾಣದ, ಆದರೆ ಜೀವ ಉಳಿಸುವ ಭಾಗ ಬೇರೆ ವಿಭಾಗದವರಿಗೆ ಸಲಹೆ ಕೊಡುವುದು. ಸ್ಟಾಫಿಲೊಕಾಕಸ್ ಆರಿಯಸ್ ಎಂಬ ರೋಗಾಣು ರಕ್ತದಲ್ಲಿ ಸಿಕ್ಕಾಗ ಸೋಂಕುರೋಗ ತಜ್ಞರು ರೋಗಿಯನ್ನು ನೋಡಿದರೆ ಸಾವು ಕಡಿಮೆಯಾಗುತ್ತದೆ ಎಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಅವರು ಮಾಡುವುದರಲ್ಲಿ ಮಾಯವೇನೂ ಇಲ್ಲ. ಮದ್ದು ಶುರುವಾದ ಮೇಲೂ ಮತ್ತೆ ಕಲ್ಚರ್ ತೆಗೆಸುತ್ತಾರೆ, ರಕ್ತ ನಿಜಕ್ಕೂ ತಿಳಿಯಾಯಿತೇ ನೋಡುತ್ತಾರೆ. ಹೃದಯದ ಕವಾಟಕ್ಕೆ ಹತ್ತಿದೆಯೇ ಎಂದು ಎಕೋ ಮಾಡಿಸುತ್ತಾರೆ. ಹಳೆಯ ಕ್ಯಾನುಲಾ, ಕೀವಿನ ಗಂಟು, ಡಯಾಲಿಸಿಸ್ ಟ್ಯೂಬು, ಮೂಲ ಎಲ್ಲಿದೆಯೋ ಅದನ್ನು ತೆಗೆಸುತ್ತಾರೆ. ರೋಗಾಣು ಬಗ್ಗುವುದಾದರೆ ವ್ಯಾಂಕೊಮೈಸಿನ್ ಬಿಟ್ಟು ಸೆಫಜೊಲಿನ್ ಅಥವಾ ಕ್ಲಾಕ್ಸಾಸಿಲಿನ್‌ನಂಥ ಹಳೆಯ, ಅಗ್ಗದ, ಇಲ್ಲಿ ಹೆಚ್ಚು ಪರಿಣಾಮಕಾರಿಯಾದ ಮದ್ದಿಗೆ ಬರುತ್ತಾರೆ. ಕಡಿಮೆಯೆಂದರೆ ಎರಡು ವಾರ, ಕವಾಟಕ್ಕೆ ಹತ್ತಿದ್ದರೆ ನಾಲ್ಕರಿಂದ ಆರು ವಾರ. ಒಂದೊಂದೂ ಸಣ್ಣ ಕೆಲಸ. ಯಾವುದನ್ನೂ ಮರೆಯದಿರುವುದು ತರಬೇತಿ.

ಮದ್ದು ನಿಲ್ಲಿಸುವುದನ್ನೂ ಕಲಿಯಬೇಕು, ಇದು ಶುರು ಮಾಡುವುದಕ್ಕಿಂತ ಕಷ್ಟ. ಆಂಟಿಬಯೋಟಿಕ್ ಹೆಚ್ಚು ದಿನ ಕೊಟ್ಟಷ್ಟೂ ಒಳ್ಳೆಯದೆಂಬ ನಂಬಿಕೆ ರೋಗಿಗಳಲ್ಲೂ ಇದೆ, ಡಾಕ್ಟರಲ್ಲೂ ಇದೆ. ಆದರೆ ಚೇತರಿಸಿಕೊಳ್ಳುತ್ತಿರುವ ಸಾಮಾನ್ಯ ನ್ಯುಮೋನಿಯಾ ರೋಗಿಗಳಲ್ಲಿ ಹೆಚ್ಚಿನವರಿಗೆ ಐದು ದಿನ ಸಾಕು. ಅದಕ್ಕಿಂತ ಹೆಚ್ಚು ಕೊಟ್ಟ ಪ್ರತಿ ದಿನವೂ ಹೊಟ್ಟೆಯಲ್ಲಿ, ಚರ್ಮದ ಮೇಲೆ ಇರುವ ರೋಗಾಣುಗಳಿಗೆ ಮದ್ದನ್ನು ಗೆಲ್ಲುವ ಅಭ್ಯಾಸ ಕೊಟ್ಟ ಹಾಗೆ. ಈ ವಿಷಯದಲ್ಲಿ ಕೇರಳ ಮುಂದಿದೆ. ಆಂಟಿಬಯೋಟಿಕ್ ಪ್ರತಿರೋಧದ ವಿರುದ್ಧ ರಾಜ್ಯಮಟ್ಟದ ಕ್ರಿಯಾಯೋಜನೆ ತಂದ ದೇಶದ ಮೊದಲ ರಾಜ್ಯ ಇದು, 2018ರಲ್ಲಿ. ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಮೆಡಿಕಲ್ ಶಾಪ್‌ಗಳ ಮೇಲೆ 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಹೆಸರಿನ ತಪಾಸಣೆ ಶುರುವಾಯಿತು. ಸರ್ಕಾರ ನಿಯಮ ಮಾಡಬಹುದು. ವಾರ್ಡಿನಲ್ಲಿ ನಿಂತು, “ಸರ್, ಇವರಿಗೆ ಇನ್ನು ಈ ಇಂಜೆಕ್ಷನ್ ಬೇಡ” ಎಂದು ಹಿರಿಯ ಸರ್ಜನ್‌ಗೆ ಕಾರಣ ಸಮೇತ ಹೇಳಿ ಒಪ್ಪಿಸಲು ಮಾತ್ರ ತರಬೇತಿಯಾದ ಒಬ್ಬರು ಬೇಕು.

ಕೇಳುವ ಪ್ರಶ್ನೆಗಳನ್ನೂ ಹೇಳದೆ ಮುಂದೆ ಹೋಗಲಾರೆ. ಹಟ್ಟಿ ತೊಳೆಯುವವರು ಯಾರು? ಹಸಿ ಹಾಲು ಕುಡಿದಿದ್ದೀರಾ? ಮನೆಯ ಆಡು ಇತ್ತೀಚೆಗೆ ಮರಿ ಹಾಕಿದೆಯಾ? ಗಲ್ಫಿನಿಂದ ಯಾರಾದರೂ ಬಂದಿದ್ದಾರಾ? ಕೆರೆಗೆ ಧುಮುಕಿದ್ದಿರಾ, ಮೂಗಿಗೆ ನೀರು ಹೋಗಿತ್ತಾ? ಕಾಡಿಗೆ ಹೋಗಿದ್ದಿರಾ, ಅಲ್ಲಿ ಮಂಗ ಸತ್ತದ್ದು ಕಂಡಿತ್ತಾ? ಪ್ರತಿ ಪ್ರಶ್ನೆಯ ಹಿಂದೆ ಒಂದು ರೋಗವಿದೆ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು, ಆಮೇಲೆ ವಯನಾಡಿನವರೆಗೂ ಕಾಣಿಸಿತು. ಸ್ಕ್ರಬ್ ಟೈಫಸ್‌ನಲ್ಲಿ ಪ್ರಶ್ನೆ ಕೇಳಿದರೂ ಸಾಲದು, ಬಟ್ಟೆ ಸರಿಸಿ ಕಂಕುಳು, ತೊಡೆಸಂದು, ಎದೆಯ ಅಡಿಭಾಗ ನೋಡಬೇಕು. ಅಲ್ಲಿ ಬೀಡಿಯಿಂದ ಸುಟ್ಟಂಥ ಒಂದು ಕಪ್ಪು ಕಲೆ ಸಿಕ್ಕಿದರೆ ಡಾಕ್ಸಿಸೈಕ್ಲಿನ್ ಆಗಲೇ ಶುರು ಮಾಡಬಹುದು. ಕಲೆ ನೋವಾಗುವುದಿಲ್ಲ, ಆದ್ದರಿಂದ ರೋಗಿ ತಾನಾಗಿ ಹೇಳುವುದಿಲ್ಲ.

ಕೆಲವೊಮ್ಮೆ ಪ್ರಶ್ನೆ ಲ್ಯಾಬ್‌ಗೂ ಹೋಗಬೇಕು. ಕೇರಳದಲ್ಲಿ 2024ರಿಂದ ಸುದ್ದಿಯಲ್ಲಿರುವ ಅಮೀಬಾ ಮೆದುಳುಜ್ವರವನ್ನೇ ನೋಡಿ. ಬೆನ್ನಿನಿಂದ ತೆಗೆದ ನೀರನ್ನು ಫ್ರಿಜ್ಜಿಗೆ ಹಾಕದೆ, ತೆಗೆದ ಕೂಡಲೇ ಗಾಜಿನ ಸ್ಲೈಡಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೆಗ್ಲೇರಿಯಾ ಅಮೀಬಾ ಚಲಿಸುವುದು ಕಾಣಬಹುದು. ತಣ್ಣಗಾದರೆ, ತಡವಾದರೆ ಚಲನೆ ನಿಲ್ಲುತ್ತದೆ, ಆಮೇಲೆ ಅದು ಬಿಳಿ ರಕ್ತಕಣದ ಹಾಗೆಯೇ ಕಾಣುತ್ತದೆ. ಹೀಗೆ ನೋಡಿ ಎಂದು ಡಾಕ್ಟರು ಹೇಳದಿದ್ದರೆ ರಾತ್ರಿ ಪಾಳಿಯ ಟೆಕ್ನೀಷಿಯನ್‌ಗೆ ತಿಳಿಯುವುದು ಹೇಗೆ?

2018ರ ಮೇ ತಿಂಗಳ ಕೋಳಿಕ್ಕೋಡನ್ನೂ ನೆನೆಯಬೇಕು. ಮೆದುಳುಜ್ವರದಿಂದ ಬಂದ ಯುವಕನನ್ನು ನೋಡಿದ ವೈದ್ಯರು ಅವನ ತಮ್ಮ ಕೆಲವು ದಿನ ಮೊದಲು ಹೀಗೆಯೇ ತೀರಿಕೊಂಡದ್ದನ್ನು, ಮನೆಯ ಇತರರಿಗೂ ಜ್ವರವಿದ್ದುದನ್ನು ಕೇಳಿ ತಿಳಿದರು. ಮಾದರಿಯನ್ನು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ನಿಪಾ ಎಂದು ಗೊತ್ತಾಯಿತು, ಪುಣೆಯ ವೈರಾಣು ಸಂಸ್ಥೆ ಖಚಿತಪಡಿಸಿತು. ಆ ಸಲ 17 ಜನ ತೀರಿಕೊಂಡರು, ಅವರಲ್ಲಿ ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಒಬ್ಬರು. ಇದು ಎರಡನೇ ರೋಗಿಯ ಹೊತ್ತಿಗೇ ಪತ್ತೆಯಾಗದೆ ಹೋಗಿದ್ದರೆ ಸಂಖ್ಯೆ ಎಲ್ಲಿಗೆ ಹೋಗುತ್ತಿತ್ತೋ. ಪತ್ತೆ ಹಚ್ಚಿದವರೆಲ್ಲ ಡಿಎಂ ಸೋಂಕುರೋಗ ಓದಿದವರಲ್ಲ, ಚುರುಕಾದ ವೈದ್ಯರು. ಆ ಚುರುಕನ್ನು ಅದೃಷ್ಟಕ್ಕೆ ಬಿಡದೆ ಪ್ರತಿ ರೋಗಿಯಲ್ಲೂ ಅಭ್ಯಾಸ ಮಾಡಿಸುವುದಕ್ಕೆ ಈ ಮೂರು ವರ್ಷ.

ಇನ್ನು ನಮ್ಮ ಜಿಲ್ಲೆಯ ಮಾತು. ದೇಶದ ಮೂರನೇ ಕೋವಿಡ್ ರೋಗಿ ಪತ್ತೆಯಾದದ್ದು ಕಾಸರಗೋಡು ಜಿಲ್ಲೆಯಲ್ಲಿ, 2020ರ ಫೆಬ್ರವರಿ 3ರಂದು. ವುಹಾನ್‌ನಿಂದ ಮರಳಿದ ವೈದ್ಯ ವಿದ್ಯಾರ್ಥಿ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲೇ ಗುಣವಾದರು. ಮಾರ್ಚಿನಲ್ಲಿ ತಲಪಾಡಿ ಮುಚ್ಚಿತು. ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರು ದೂರದ ಊರಲ್ಲ, ಅದೇ ಅವರ ಆಸ್ಪತ್ರೆ. ಗಡಿಯಲ್ಲಿ ಆಂಬುಲೆನ್ಸ್ ತಡೆದು, ಸಮಯಕ್ಕೆ ಚಿಕಿತ್ಸೆ ಸಿಗದೆ ಜನ ತೀರಿಕೊಂಡರು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆ ಏಪ್ರಿಲ್‌ನಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಲ್ಯಾಬ್ ಪರೀಕ್ಷೆ ಮಾಡಿಕೊಟ್ಟಿತು. ತೀರ ತುರ್ತಾದಾಗ ಈ ಜಿಲ್ಲೆಯಲ್ಲೇ ಎಷ್ಟು ಮಾಡಬಹುದು ಎಂದು ಆಗ ಕಂಡೆವು. ತುರ್ತು ಮುಗಿದ ಮೇಲೆ ಅದೇ ಛಲ ಉಳಿಯಬೇಕಿತ್ತು.

ನನ್ನ ಒತ್ತಾಯ ಇದು. ಎಂಡಿ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ ಈಗಾಗಲೇ ಇದೆ. ಸೋಂಕುರೋಗದ ಡಿಎಂ ವಿದ್ಯಾರ್ಥಿಗಳಿಗೂ ಅದು ಬರಲಿ, ಅದರಲ್ಲೂ ಮಳೆಗಾಲದ ಮೂರು ತಿಂಗಳು, ಕಾಸರಗೋಡಿನಂಥ ಜಿಲ್ಲೆಯಲ್ಲಿ. ದೊಡ್ಡ ಆಸ್ಪತ್ರೆಯಲ್ಲಿ ಅವರು ಕಸಿ ರೋಗಿಗಳ ಫಂಗಸ್ ಸೋಂಕು ಕಲಿಯುತ್ತಾರೆ, ಅದು ಬೇಕು. ಆದರೆ ಹಿಂಗಾರಿನವರೆಗೆ ಕೆಸರಲ್ಲೇ ನಿಲ್ಲುವವರ ಜ್ವರವನ್ನು ಅದರ ಮೊದಲ ವಾರದಲ್ಲಿ ನೋಡಬೇಕಾದರೆ ಇಲ್ಲಿಗೆ ಬರಬೇಕು. ಬಂದವರಿಗೆ ಮಲಯಾಳ ಸಾಲದು. ಬದಿಯಡ್ಕದ ಅಜ್ಜಿಯ ಹತ್ತಿರ ಹಟ್ಟಿಯ, ಬಾವಿಯ, ಗುಡ್ಡ ಕೊರೆದ ಸುರಂಗದ ನೀರಿನ ವಿಷಯ ಕನ್ನಡದಲ್ಲೋ ತುಳುವಿನಲ್ಲೋ ಕೇಳಿದರೆ ಮಾತ್ರ ಪೂರ್ತಿ ಉತ್ತರ ಬರುತ್ತದೆ. ನಮ್ಮ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿ ಎಂಬಿಬಿಎಸ್ ಸೇರಿದ ಮಕ್ಕಳು ಈ ದಾರಿ ಹಿಡಿಯಲಿ ಎಂದು ನಾನು ಆಸೆಪಡುವುದು ಇದಕ್ಕೇ.

ತಜ್ಞರು ಬರುವವರೆಗೆ ರೋಗಿಯ ಕಡೆಯವರು ಮಾಡಬಹುದಾದ ಕೆಲಸವೂ ಇದೆ. ಜ್ವರ ಜೋರಾಗಿ ಆಸ್ಪತ್ರೆಗೆ ಸೇರಿಸುವಾಗ, ಮೊದಲ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡುವ ಮೊದಲೇ ರಕ್ತದ ಕಲ್ಚರ್ ತೆಗೆಯುತ್ತೀರಾ ಎಂದು ಕೇಳಿ. ದೊಡ್ಡವರಿಗೆ ಎರಡು ಕಡೆಯಿಂದ, ಒಂದೊಂದು ಬಾಟಲಿಗೆ ಎಂಟು ಹತ್ತು ಎಂಎಲ್ ರಕ್ತ ಬೇಕು. ಅಷ್ಟೊಂದು ರಕ್ತ ಯಾಕೆ ಎಂದು ಗಾಬರಿ ಬೇಡ. ಮದ್ದು ಶುರುವಾದ ಮೇಲೆ ತೆಗೆದರೆ ಏನೂ ಬೆಳೆಯದಿರುವ ಸಂಭವ ಹೆಚ್ಚು. ಗದ್ದೆ ತೋಟದಲ್ಲಿ ದುಡಿಯುವವರು ಆರೋಗ್ಯ ಕೇಂದ್ರದವರೋ ಆಶಾ ಕಾರ್ಯಕರ್ತೆಯರೋ ಇಲಿಜ್ವರಕ್ಕೆಂದು ಕೊಡುವ ಡಾಕ್ಸಿ ಮಾತ್ರೆಯನ್ನು ಹೇಳಿದ ವಾರಗಳಷ್ಟು ತಿನ್ನಿ, ಕಾಲಲ್ಲಿ ಗಾಯವಿದ್ದರೆ ಬೂಟು ಹಾಕಿಯೇ ಕೆಸರಿಗೆ ಇಳಿಯಿರಿ. ಕಾಸರಗೋಡಿನಿಂದ ಮಂಗಳೂರಿಗೆ ಹೋಗಬೇಕಾಗಿ ಬಂದರೆ ಬಿಲ್ಲುಗಳಿಗಿಂತ ಮೊದಲು ಮೂರು ಕಾಗದ ಕೈಯಲ್ಲಿರಲಿ: ಡಿಸ್ಚಾರ್ಜ್ ಸಮರಿ, ಕಲ್ಚರ್ ವರದಿಯ ಪ್ರತಿ, ಯಾವ ಮದ್ದು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಕೊಟ್ಟರು ಎಂಬ ಚೀಟಿ. ಕಲ್ಚರ್ ‘ಇನ್ನೂ ಬಂದಿಲ್ಲ’ ಎಂದಿದ್ದರೆ ಲ್ಯಾಬ್‌ನ ಫೋನ್ ನಂಬರು ಬರೆದುಕೊಂಡು, ಮೂರನೇ ದಿನವೂ ಐದನೇ ದಿನವೂ ನೀವೇ ಕರೆ ಮಾಡಿ ಕೇಳಿ, ಬಂದ ಉತ್ತರವನ್ನು ಹೊಸ ಡಾಕ್ಟರಿಗೆ ತಲುಪಿಸಿ.